ಹಳೇ ತಪ್ಪನ್ನೇ ವಾಪಸ್ ಕೊಡಿ

ಕೇಳುಗರಿಗೆ ನಮಸ್ಕಾರ.

ಮಗಳ ನಾಮಕರಣಕ್ಕೆ ಅಂತ ಮನೆಗೆ ಬಂದ ಮಿನಿ ಡಿವಿ ಕ್ಯಾಮರಾ, ಅಂದರೆ ಪುಟ್ಟ ಟೇಪಿನ ವಿಡಿಯೋ ಕ್ಯಾಮರಾ, ನಮ್ಮದು. ಎರಡನೇ ದಸರೆಗೇ ಕೈಕೊಟ್ಟಿತು. ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಗ್ಗೆಯಿಂದ ಜಾಗ ಹಿಡಿದು ಕೂತು ಜಂಬೂಸವಾರಿ ತೆಗೆದಿದ್ದೆ. ಮನೆಗೆ ಬಂದು ಟಿವಿಗೆ ಹಾಕಿದರೆ ಪರದೆ ತುಂಬ ಬಣ್ಣದ ಚೌಕಗಳು. 750 ಕೆಜಿ ಅಂಬಾರಿ ಚೂರುಚೂರು!

ರಿಪೇರಿ ಅಂಗಡಿಯವರು "ಹೆಡ್ ಕೊಳೆಯಾಗಿದೆ ಸಾರ್" ಅಂದರು. ಟೇಪಿನ ಮೇಲೆ ಚಿತ್ರ ಬರೆಯುವ, ಓದುವ ಭಾಗ ಅದು. ಒರೆಸಿಕೊಟ್ಟರು. ಎರಡು ತಿಂಗಳಿಗೆ ಮತ್ತೆ ಅದೇ ಕತೆ. ಮತ್ತೆ ಒರೆಸಿದರು, ಮತ್ತೆ ದುಡ್ಡು.

ಅವರು ಹೇಳಿದ್ದು ಸುಳ್ಳಲ್ಲ. ಈ ಟೇಪಿನ ಅಗಲ ಬರೀ ಕಾಲಿಂಚು. ಹೆಡ್ ಕೂತಿರುವ ಡ್ರಮ್ಮು ನಿಮಿಷಕ್ಕೆ 9000 ಸುತ್ತು ತಿರುಗುತ್ತದೆ. ಹೆಡ್ಡು ಚಿತ್ರವನ್ನು ಬರೆಯುವ ಒಂದೊಂದು ಗೆರೆಯ ಅಗಲವೂ ಮಿಲಿಮೀಟರಿನ ನೂರನೇ ಒಂದು ಭಾಗ. ಚಿಟಿಕೆ ಧೂಳು ಬೇಡ, ಒಂದು ಕಣ ಸಾಕು. ಕೊಳೆ ಹೆಡ್ಡು ಬರೆಯದೇ ಬಿಟ್ಟದ್ದು ಹೋಯಿತು ಅಂತಲೇ ಲೆಕ್ಕ. ನನ್ನ ಜಂಬೂಸವಾರಿ ಹಾಗೆಯೇ ಹೋಯಿತು.

ಆದರೆ ಕೊಳೆ ಬರುತ್ತಿದ್ದುದು ಎಲ್ಲಿಂದ? ಅದನ್ನು ಯಾರೂ ಕೇಳಲಿಲ್ಲ. ಸುಮ್ನೆ ಒರೆಸಿದರು.

ಗುಟ್ಟು ಗೊತ್ತಾದದ್ದು ಮಂಡ್ಯದಲ್ಲಿ. ನಮ್ಮಲ್ಲಿ ಚೆನ್ನಾಗಿ ಓಡುತ್ತಿದ್ದ ಟೇಪು ಭಾವನ ಕ್ಯಾಮರಾದಲ್ಲಿ ಬರೀ ಚೌಕ ತೋರಿಸಿತು. ಅಲ್ಲಿನ ಹಳೇ ಮೆಕ್ಯಾನಿಕ್ಕೊಬ್ಬರು ನಮ್ಮ ಕ್ಯಾಮರಾ ಬಿಚ್ಚಿ ನೋಡಿದರು. ಟೇಪಿಗೆ ದಾರಿ ತೋರಿಸುವ ಪುಟ್ಟ ಗೈಡು ಒಂದು ಕೂದಲೆಳೆಯಷ್ಟು ಕೆಳಗಿತ್ತಂತೆ. ಟೇಪಿನ ಅಂಚು ಅದಕ್ಕೆ ಉಜ್ಜಿ ಪುಡಿ ಉದುರುತ್ತಿತ್ತು, ಹೆಡ್ಡಿಗೆ ಮೆತ್ತಿಕೊಳ್ಳುತ್ತಿತ್ತು. ಸರಿ ಮಾಡಿಕೊಟ್ಟರು. ಹೊಸ ಟೇಪು ಹಾಕಿ ತೆಗೆದೆವು, ಎಲ್ಲ ಕ್ಯಾಮರಾದಲ್ಲೂ ಓಡಿತು. ಅಬ್ಬಾ ಅಂದುಕೊಂಡೆ.

ರಾತ್ರಿ ಮಗಳ ನಾಮಕರಣದ ಟೇಪು ಹಾಕಿದೆ. ಚೌಕ, ಚೌಕ, ಬರೀ ಚೌಕ.

ಅಲ್ವಾ ಮತ್ತೆ! ಗೈಡು ತಪ್ಪಿದ್ದಾಗ ಬರೆದ ಗೆರೆಗಳೂ ತಪ್ಪು ಜಾಗದಲ್ಲೇ ಇರುತ್ತವೆ. ಆ ತಪ್ಪನ್ನು ಓದಲು ಬರುತ್ತಿದ್ದುದು ಅದೇ ತಪ್ಪಿದ್ದ ಕ್ಯಾಮರಾಕ್ಕೆ ಮಾತ್ರ. ನಾನು ಕಾಸು ಕೊಟ್ಟು ಅದನ್ನು ಸರಿಮಾಡಿಸಿಬಿಟ್ಟಿದ್ದೆ.

ಮಾರನೇ ದಿನ ಮತ್ತೆ ಮಂಡ್ಯ ಬಸ್ಸು ಹತ್ತಿದೆ. "ಯಜಮಾನ್ರೇ, ಹಳೇ ತಪ್ಪನ್ನೇ ವಾಪಸ್ ಹಾಕಿಕೊಡಿ" ಅಂದೆ. ಅವರು ಜೋರಾಗಿ ನಕ್ಕರು. ನನ್ನ ಟೇಪು ಓಡಿಸಿಕೊಂಡೇ ಸ್ಕ್ರೂ ತಿರುಗಿಸುತ್ತಾ ಹೋದರು. ಚೌಕಗಳು ಒಂದೊಂದಾಗಿ ಕರಗಿ ಮಗಳ ಮುಖ ಬಂತು. ದುಡ್ಡು ತೆಗೆದುಕೊಳ್ಳಲಿಲ್ಲ. "ಎಲ್ಲಾನೂ ಕಂಪ್ಯೂಟರಿಗೆ ಇಳಿಸ್ಕೊಂಡು ಬನ್ನಿ, ಆಮೇಲೆ ಸರಿ ಮಾಡ್ಕೊಡ್ತೀನಿ" ಅಂದರು.

ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು. ನಮ್ಮಲ್ಲಿ ಇನ್ನೂ ಹನ್ನೊಂದು ಬಾಕಿ ಇವೆ.

ನಮಸ್ಕಾರ.