ನಿಮ್ಮ ಕೆಲಸ ನೋಡುವವರು ಯಾರು?

ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ಒಬ್ಬ ಹುಡುಗಿ ಫೋನ್ ಮಾಡಿದಳು. ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಎಬಿಎ ಆನ್‌ಲೈನ್ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆಯಂತೆ. ಎಬಿಎ ಅಂದರೆ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್, ನಡವಳಿಕೆಯನ್ನು ಗಮನಿಸಿ ಬದುಕಿಗೆ ಬೇಕಾದ್ದನ್ನು ಕಲಿಸುವ ವಿದ್ಯೆ. ಆಟಿಸಂ ಇರುವ ಮಕ್ಕಳ ಜೊತೆ ಹೆಚ್ಚಾಗಿ ಬಳಸುತ್ತಾರೆ. ಅಪ್ಪ ಸೈಟು ಅಡ ಇಡೋಕೆ ತಯಾರಾಗಿದ್ದಾರೆ. ಎಲ್ಲ ಖುಷಿಯಾಗಿ ಹೇಳಿಕೊಂಡು ಕೊನೆಗೆ, "ಕೋರ್ಸ್ ಮುಗಿದ ಮೇಲೆ ಇಲ್ಲೇ ಇದ್ದುಕೊಂಡು ಬಿಸಿಬಿಎ ಪರೀಕ್ಷೆ ಬರೀಬಹುದು ಅಲ್ವಾ ಮೇಡಂ?" ಅಂದಳು. ಈ ಕೆಲಸ ಮಾಡುವವರಿಗೆ ಅಮೆರಿಕದ ಮಂಡಳಿಯೊಂದು ಕೊಡುವ ಸರ್ಟಿಫಿಕೇಟ್ ಅದು. ಇಲ್ಲಮ್ಮ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

ಆ ಫೋನ್ ಬಂದ ದಿನದಿಂದ ಈ ಉಪನ್ಯಾಸ ನನ್ನ ತಲೆಯಲ್ಲಿ ಕೂತಿದೆ. ಮುಂದೆ ಕೂತಿರುವ ಎಂ.ಎಸ್ಸಿ. ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಇಂಥದ್ದೇ ಅರ್ಜಿ ತುಂಬುತ್ತಿದ್ದೀರಿ ಅಂತ ಗೊತ್ತು. ಹಿಂದೆ ಕೂತಿರುವ ತಂದೆತಾಯಂದಿರು, ನಾಳೆ ಇವರ ಕೈಗೆ ನಿಮ್ಮ ಮಗುವನ್ನು ಒಪ್ಪಿಸುವವರು. ಇಬ್ಬರಿಗೂ ಸೇರಿ ಮಾತಾಡುತ್ತೇನೆ.

ಮೊದಲು ಆ ಹುಡುಗಿಯ ಪ್ರಶ್ನೆ ಮುಗಿಸಿಬಿಡೋಣ. ಬಿಸಿಬಿಎ ಸರ್ಟಿಫಿಕೇಟ್ ಕೊಡುವ ಮಂಡಳಿ, ಬಿಎಸಿಬಿ, 1998ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಅದು ಬೆಳೆದ ಹಾಗೆ ಬೇರೆ ದೇಶದವರೂ ಅದೇ ಪರೀಕ್ಷೆ ಕಟ್ಟಿದರು, ನಮ್ಮವರೂ ಕಟ್ಟಿದರು. ಆದರೆ 2023ರ ಜನವರಿ 1ರಿಂದ ಭಾರತದಲ್ಲಿ ವಾಸವಿರುವವರು ಹೊಸದಾಗಿ ಅರ್ಜಿ ಹಾಕುವಂತಿಲ್ಲ. ಅಮೆರಿಕಕ್ಕೋ ಕೆನಡಾಕ್ಕೋ ಹೋಗಿ ನೆಲೆಸಿದರೆ ಮಾತು ಬೇರೆ. ಡಿಗ್ರಿ ಸಿಗುತ್ತೆ, ಆ ಸರ್ಟಿಫಿಕೇಟ್ ಸಿಗಲ್ಲ. ಐಬಿಎಒ, ಕ್ಯೂಎಬಿಎ ಅಂತ ಬೇರೆ ಮಂಡಳಿಗಳಿವೆ, ಅವು ನಮ್ಮಂಥ ದೇಶದವರಿಗೂ ಪರೀಕ್ಷೆ ನಡೆಸುತ್ತವೆ. ಅವುಗಳ ನಿಯಮ ಬೇರೆ, ಅವನ್ನೇ ಓದಿ ನೋಡಬೇಕು. ಫೀಸು ಕಟ್ಟುವ ಮೊದಲು ಓದಬೇಕು. ಕಟ್ಟಿದ ಮೇಲೆ ಓದುವವರೇ ಜಾಸ್ತಿ, ಅದೇ ನನ್ನ ಸಂಕಟ.

ಆದರೆ ಸರ್ಟಿಫಿಕೇಟಿಗಿಂತ ದೊಡ್ಡ ಪ್ರಶ್ನೆಯೊಂದಿದೆ. ಅವಳಿಗೂ ಅದನ್ನೇ ಕೇಳಿದೆ. ನೀನು ಮಗುವಿನ ಜೊತೆ ಕೂತಾಗ ನಿನ್ನ ಕೆಲಸ ನೋಡುವವರು ಯಾರು?

ಈ ವಿದ್ಯೆ ಹುಟ್ಟಿದ್ದೇ ನೋಡುವುದರಿಂದ. ಡಿಕ್ಕಿ ಅನ್ನುವ ಹುಡುಗನ ಕಥೆ ನಿಮಗೆ ಗೊತ್ತಿರಬಹುದು. 1964ರಲ್ಲಿ ಅಮೆರಿಕದ ಸಂಶೋಧಕರಾದ ಮಾಂಟ್ರೋಸ್ ವುಲ್ಫ್, ಟಾಡ್ ರಿಸ್ಲಿ, ಹೇಡನ್ ಮೀಸ್ ಬರೆದದ್ದು. ಮೂರೂವರೆ ವರ್ಷದ ಮಗು, ಆಟಿಸಂ. ಕಣ್ಣಿನ ಪೊರೆಗೆ ಆಪರೇಶನ್ ಆಗಿತ್ತು, ಮಸೂರ ತೆಗೆದಿದ್ದರು. ಕನ್ನಡಕ ಹಾಕದಿದ್ದರೆ ದೃಷ್ಟಿಯೇ ಹೋಗುತ್ತೆ ಅಂದಿದ್ದರು ವೈದ್ಯರು. ಮಗು ಕನ್ನಡಕ ಮುಟ್ಟಲೂ ಬಿಡುತ್ತಿರಲಿಲ್ಲ. ಇವರು ಏನು ಮಾಡಿದರು? ಗಾಜಿಲ್ಲದ ಬರೀ ಫ್ರೇಮುಗಳನ್ನು ಕೋಣೆಯಲ್ಲಿ ಇಟ್ಟರು. ಮುಟ್ಟಿದರೆ ಒಂದು ಚೂರು ತಿಂಡಿ. ಎತ್ತಿಕೊಂಡರೆ, ಮುಖದ ಹತ್ತಿರ ತಂದರೆ, ಹೀಗೆ ಒಂದೊಂದೇ ಮೆಟ್ಟಿಲು. ಕೊನೆಗೆ ಆ ಮಗು ದಿನಕ್ಕೆ ಸುಮಾರು 12 ಗಂಟೆ ಕನ್ನಡಕ ಹಾಕಿಕೊಳ್ಳುವ ಹಾಗಾಯಿತು. ನಾಲ್ಕು ವರ್ಷ ಕಳೆದು, 1968ರಲ್ಲಿ, ಡೊನಾಲ್ಡ್ ಬೇರ್, ವುಲ್ಫ್ ಮತ್ತು ರಿಸ್ಲಿ ಕಾನ್ಸಾಸ್ ಯೂನಿವರ್ಸಿಟಿಯಿಂದ ಈ ವಿದ್ಯೆಯ ಲಕ್ಷಣಗಳನ್ನು ಬರೆದರು. ಎಬಿಎಯಲ್ಲಿ ಇರುವ ಮೊದಲ 'ಎ', ಅನ್ವಯಿಕ ಅನ್ನುವ ಮಾತು, ಅಲ್ಲಿ ಮೊದಲನೆಯದು. ಮಾಡುವ ಕೆಲಸ ಆ ಮನುಷ್ಯನ ಬದುಕಿಗೆ ಬೇಕಾದದ್ದಾಗಿರಬೇಕು ಅಂತ. ಕಣ್ಣು ಉಳಿಯುವುದು ಬೇಕಾದದ್ದು ತಾನೇ.

ಈಗ ನನ್ನ ಅಜ್ಜಿಯ ಕಥೆ. ನನ್ನ ಸ್ವಂತ ಅಜ್ಜಿ ಅಲ್ಲ, ಆದರೂ ನನ್ನ ಅಜ್ಜಿ ಅಂತಲೇ ಹೇಳುತ್ತೇನೆ. ನನ್ನ ಜೊತೆ ಕೆಲಸ ಮಾಡಿದವರು ಈ ಕಥೆ ಹತ್ತು ಸಲ ಕೇಳಿದ್ದೀರಿ, ಇನ್ನೊಂದು ಸಲ ಕೇಳಿ.

ಮಂಡ್ಯದ ಹತ್ತಿರ ಒಂದು ಊರು. ಐದು ವರ್ಷದ ಹುಡುಗ. ಮಾತು ಮೂರ್ನಾಲ್ಕೇ ಪದ. ನನ್ನ ವಿದ್ಯಾರ್ಥಿನಿ ಒಬ್ಬಳು ಆ ಮನೆಗೆ ವಾರಕ್ಕೆ ನಾಲ್ಕು ದಿನ ಹೋಗುತ್ತಿದ್ದಳು. ಜೊತೆಗೆ ಆನ್‌ಲೈನ್ ಮಾಸ್ಟರ್ಸ್. ಅಮೆರಿಕದಲ್ಲಿ ಸಂಜೆ ಆರೂವರೆಗೆ ಕ್ಲಾಸು ಅಂದರೆ ನಮಗೆ ಬೆಳಗಿನ ಜಾವ ನಾಲ್ಕು. ಅಲ್ಲಿ ಚಳಿಗಾಲಕ್ಕೆ ಗಡಿಯಾರ ಹಿಂದೆ ತಿರುಗಿಸಿದ ಮೇಲೆ ಐದು. ಮನೆಯವರು ಏಳಬಾರದು ಅಂತ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು, ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದಳು. ಪಾಠ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಗ್ರಾಫ್ ಓದುವುದನ್ನು ಅವಳು ನನಗಿಂತ ಚೆನ್ನಾಗಿ ಕಲಿತಳು. ತಿಳಿಯದ ಪಾಠವನ್ನು ನಾಲ್ಕು ಸಲ ಹಾಕಿಕೊಂಡು ಕೇಳಬಹುದು. ಮದುವೆಯಾಗಿ ಮಗು ಇರುವ, ಊರು ಬಿಡಲಾಗದ ಹೆಣ್ಣುಮಗಳಿಗೆ ಬೇರೆ ದಾರಿ ಯಾವುದಿತ್ತು ಹೇಳಿ.

ಆ ಹುಡುಗ ಊಟದ ತಟ್ಟೆ ಎಸೆಯುತ್ತಿದ್ದ. ಸ್ಟೀಲ್ ತಟ್ಟೆ, ಅನ್ನ ಸಾರು ಎಲ್ಲ ಗೋಡೆಗೆ. ಇವಳು ವಿಡಿಯೋ ಮಾಡಿ ಅಮೆರಿಕದಲ್ಲಿದ್ದ ತನ್ನ ಸೂಪರ್‌ವೈಸರ್‌ಗೆ ಕಳಿಸಿದಳು. ಅವರು ಓದಿಕೊಂಡವರು, ಒಳ್ಳೆಯವರು. ವಿಡಿಯೋ ನೋಡಿ ಹೇಳಿದರು, ಊಟ ಮಾಡು ಅಂತೀರಿ, ಎಸೀತಾನೆ, ತಟ್ಟೆ ತೆಗೀತೀರಿ, ಊಟ ತಪ್ಪುತ್ತೆ. ತಪ್ಪಿಸಿಕೊಳ್ಳಲು ಎಸೀತಾನೆ, ಹಾಗಾಗಿ ತಟ್ಟೆ ತೆಗೆಯಬೇಡಿ. ವಿಡಿಯೋದಲ್ಲಿ ಕಂಡದ್ದಕ್ಕೆ ಅದು ಸರಿಯಾದ ಉತ್ತರವೇ. ಇವಳು ಹಾಗೇ ಮಾಡಿದಳು. ಎಸೆಯುವುದು ಜಾಸ್ತಿಯಾಯಿತು. ಶುರುವಿನಲ್ಲಿ ಜಾಸ್ತಿ ಆಗುತ್ತೆ ಅಂತ ಪುಸ್ತಕದಲ್ಲೂ ಇದೆ. ಹತ್ತು ದಿನ ಕಾದರು. ಹುಡುಗ ಈಗ ಊಟದ ಚಾಪೆ ಹಾಸುವಾಗಲೇ ಅಳಲು ಶುರುಮಾಡಿದ.

ಆಗ ನಾನು ಹೋದೆ. ಬರೀ ನೋಡೋಣ ಅಂತ. ಮೂಲೆಯಲ್ಲಿ ಅಜ್ಜಿ ಕೂತಿದ್ದರು. ಮುಂದೆ ಎರಡು ಬಟ್ಟಲು, ಅದರಲ್ಲಿ ಹುಣಸೆ ಬೀಜ. ಇದೇನಜ್ಜಿ ಅಂದೆ. "ಈ ಹುಡ್ಗಿ ದಿನಾ ಲೆಕ್ಕ ಬರ್ಕೊತಾಳಲ್ಲ, ನಂಗೆ ಬರಿಯಕ್ ಬರಕಿಲ್ಲ, ಅದ್ಕೆ ಬೀಜ ಆಕ್ತೀನಿ" ಅಂದರು. ಎಸೆದ ಸಲಕ್ಕೊಂದು ಬೀಜ. ಸರಿ, ಎರಡು ಬಟ್ಟಲು ಯಾಕೆ? ಒಂದು ಹತ್ತಿರಹತ್ತಿರ ತುಂಬಿತ್ತು. ಇನ್ನೊಂದರಲ್ಲಿ ಎರಡೇ ಬೀಜ. ಅಜ್ಜಿ ತುಂಬಿದ ಬಟ್ಟಲು ಮುಟ್ಟಿ ತೋರಿಸಿದರು. "ಇದು ಚಮಚದ್ದು ಕಣವ್ವ. ಅದು ಕೈಯಿಂದು."

ನಾನು ಅಲ್ಲೇ ಕೂತುಬಿಟ್ಟೆ.

ಕಲಿಸಬೇಕಾದ ಕೌಶಲಗಳ ಪಟ್ಟಿಯಲ್ಲಿ 'ಚಮಚದಲ್ಲಿ ತಾನೇ ತಿನ್ನುತ್ತಾನೆ' ಅಂತ ಒಂದು ಸಾಲಿತ್ತು. ಈ ಹುಡುಗನಿಗೆ ಆ ಸಾಲಿನ ಮುಂದೆ ಸೊನ್ನೆ. ಹಾಗಾಗಿ ಗುರಿ ಚಮಚ. ಆ ಮನೆಯಲ್ಲಿ ಎಲ್ಲರೂ ಕೈಯಲ್ಲಿ ಊಟ ಮಾಡುವವರು. ಮುದ್ದೆ ಮುರಿದು ಸಾರಲ್ಲಿ ಅದ್ದಿ ನುಂಗುವ ಮನೆ. ಮುದ್ದೆಗೆ ಚಮಚ ಯಾರು ಹಿಡಿಯುತ್ತಾರೆ? ಥೆರಪಿ ಇಲ್ಲದ ದಿನ ಅಜ್ಜಿ ಪಕ್ಕದಲ್ಲಿ ಅವನು ತಣ್ಣಗೆ ಕೈಯಲ್ಲೇ ತಿನ್ನುತ್ತಿದ್ದ. ಅಮೆರಿಕದಲ್ಲಿದ್ದ ಸೂಪರ್‌ವೈಸರ್ ಕಣ್ಣಿಗೆ ಚಮಚ ಕಾಣಲೇ ಇಲ್ಲ. ಅವರ ಊರಿನಲ್ಲಿ ಊಟ ಅಂದರೆ ಚಮಚ ಇದ್ದೇ ಇರುತ್ತೆ. ಅವರು ನೋಡಿದ್ದು ತಟ್ಟೆಯನ್ನು. ನಮ್ಮ ಹುಡುಗಿಗೂ ಕಾಣಲಿಲ್ಲ, ಯಾಕೆಂದರೆ ಅವಳು ಪಟ್ಟಿಯ ಕಣ್ಣಿನಿಂದ ನೋಡುತ್ತಿದ್ದಳು. ಮುಂಚೆ ಏನಾಯ್ತು, ಮಗು ಏನು ಮಾಡಿತು, ಆಮೇಲೆ ಏನಾಯ್ತು: ಈ ಮೂರು ಕಾಲಮ್ಮನ್ನು ನಾವು ಮೊದಲ ಸೆಮಿಸ್ಟರಿನಲ್ಲೇ ಬಾಯಿಪಾಠ ಮಾಡುತ್ತೇವೆ. ಅಜ್ಜಿ ಅದರ ಮೊದಲನೇ ಕಾಲಮ್ಮನ್ನು ಹುಣಸೆ ಬೀಜದಲ್ಲಿ ಬರೆದಿದ್ದರು.

ಚಮಚ ಒಳಗಿಟ್ಟೆವು. ಒಂದು ವಾರಕ್ಕೆ ಚಾಪೆ ಹಾಸಿದರೆ ಅವನೇ ಬಂದು ಕೂತ. ಮುದ್ದೆ ಮುರಿದು ಉಂಡೆ ಮಾಡುವುದು ಹೊಸ ಗುರಿಯಾಯಿತು. ಕೈಬೆರಳಿಗೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. ಅವನು ಮಾಡಿದ ಮೊದಲ ಉಂಡೆ ನೆಲ್ಲಿಕಾಯಿಯಷ್ಟಿತ್ತು. ಅದನ್ನು ತಾನು ತಿನ್ನಲಿಲ್ಲ, ಅಜ್ಜಿ ಬಾಯಿಗೆ ಇಟ್ಟ.

ವುಲ್ಫ್ 1978ರಲ್ಲಿ ಇನ್ನೊಂದು ಲೇಖನ ಬರೆದರು, ಸಾಮಾಜಿಕ ಒಪ್ಪಿಗೆ ಕುರಿತು. ಗುರಿ ಸರಿಯೇ, ದಾರಿ ಸರಿಯೇ, ಫಲ ಸಮಾಧಾನವೇ ಅಂತ ಆ ಜನರನ್ನೇ ಕೇಳಬೇಕು ಅಂದರು. ಎಬಿಎ ತನ್ನ ಹೃದಯವನ್ನು ಕಂಡುಕೊಳ್ಳುತ್ತಿದೆ ಅಂತ ಅದರ ಶೀರ್ಷಿಕೆಯಲ್ಲೇ ಇದೆ. ಆ ಲೇಖನವನ್ನು ನನ್ನ ವಿದ್ಯಾರ್ಥಿನಿ ಓದಿದ್ದಳು, ಪರೀಕ್ಷೆಯಲ್ಲಿ ಅಂಕವೂ ಬಂದಿತ್ತು. ಅದು ಮಂಡ್ಯದ ಅಡುಗೆಮನೆಗೂ ಸೇರಿದ್ದು ಅಂತ ಪಕ್ಕದಲ್ಲಿ ಕೂತು ತೋರಿಸುವವರು ಇರಲಿಲ್ಲ. ಅದಕ್ಕೇ ಮತ್ತೆ ಕೇಳುತ್ತೇನೆ, ನಿಮ್ಮ ಕೆಲಸ ನೋಡುವವರು ಯಾರು?

ಬಿಎಸಿಬಿ ನಿಯಮದಲ್ಲಿ ಸಾಮಾನ್ಯ ದಾರಿಗೆ 2000 ಗಂಟೆ ಮೇಲ್ವಿಚಾರಣೆಯ ಕೆಲಸ ಆಗಬೇಕು. ವಾರಕ್ಕೆ 20 ಗಂಟೆ ಅಂದರೂ ನೂರು ವಾರ. ಅದರಲ್ಲಿ ಸೂಪರ್‌ವೈಸರ್ ಜೊತೆ ಕಳೆಯಬೇಕಾದ್ದು ಶೇ. 5, ಅಂದರೆ ಎಲ್ಲ ಸೇರಿ ನೂರು ಗಂಟೆ. ನನ್ನ ಕೇಳಿದರೆ ಆ ನೂರು ಗಂಟೆಯೇ ನಿಜವಾದ ಮಾಸ್ಟರ್ಸ್. ಅದು ಯಾವ ಭಾಷೆಯಲ್ಲಿ ನಡೆಯುತ್ತೆ, ಯಾರ ಎದುರಿಗೆ ನಡೆಯುತ್ತೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಭಾಷೆ ಅಂದೆ, ಒಂದು ಸಣ್ಣ ಉದಾಹರಣೆ. ಬೇಕಾದ್ದನ್ನು ಕೇಳಿ ಪಡೆಯುವುದನ್ನು ನಾವು ಮ್ಯಾಂಡ್ ಅಂತೀವಿ, ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಕೊಟ್ಟ ಪದ. ಇಂಗ್ಲಿಷ್ ಪಾಠ ಕೇಳಿಕೊಂಡು ಬಂದವರು ಕನ್ನಡದ ಮಗುವಿಗೆ ಮೊದಲು 'ಬೇಕು' ಕಲಿಸುತ್ತಾರೆ. ಮಗು ಎಲ್ಲಕ್ಕೂ 'ಬೇಕು' ಅನ್ನುತ್ತೆ. ಏನು ಬೇಕು ಅಂತ ಯಾರಿಗೂ ಗೊತ್ತಾಗಲ್ಲ, ಮಗು ಮತ್ತೆ ಅಳುತ್ತೆ. 'ನೀರು' ಅಂತ ಒಂದೇ ಪದ ಕಲಿಸಿ ನೋಡಿ. ನಮ್ಮ ಮನೆಗಳಲ್ಲಿ ಮಗು ಬರೀ 'ನೀರು' ಅಂದರೆ ಲೋಟ ಬರುತ್ತೆ. 'ಬೇಕು' ಆಮೇಲೆ ತಾನಾಗೇ ಸೇರಿಕೊಳ್ಳುತ್ತೆ. ಇದನ್ನು ಕನ್ನಡ ಬಲ್ಲ ಸೂಪರ್‌ವೈಸರ್ ಎರಡು ನಿಮಿಷದಲ್ಲಿ ಹಿಡಿಯುತ್ತಾರೆ.

ಚೀಟಿ ಬಂತು. ಹತ್ತು ನಿಮಿಷ. ಕಾನೂನಿನ ಬಗ್ಗೆ ಜಾಸ್ತಿ ಹೇಳಬೇಕಿತ್ತು, ಬೇಗ ಹೇಳುತ್ತೇನೆ.

2021ರಲ್ಲಿ ನಮ್ಮ ಸಂಸತ್ತು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ಮಾಡಿತು. ಅದರ ಪಟ್ಟಿಯಲ್ಲಿ ಬಿಹೇವಿಯರಲ್ ಅನಲಿಸ್ಟ್ ಅನ್ನುವ ಹೆಸರು ಇದೆ. ಎಷ್ಟು ಜನ ಗಮನಿಸಿದ್ದೀರಿ? ನಮ್ಮ ಕೆಲಸಕ್ಕೆ ಈ ದೇಶದ ಕಾನೂನಿನಲ್ಲಿ ಒಂದು ಹೆಸರು ಸಿಕ್ಕಿದೆ. ಇನ್ನೊಂದು ಕಡೆ, ಆ ಕಾಯ್ದೆ ವ್ಯಾಪ್ತಿಯ ಕೋರ್ಸುಗಳನ್ನು, ಸೈಕಾಲಜಿ ಸೇರಿ, 2025ರ ಜುಲೈ-ಆಗಸ್ಟ್ ಸಾಲಿನಿಂದ ದೂರಶಿಕ್ಷಣದಲ್ಲಿ, ಆನ್‌ಲೈನ್‌ನಲ್ಲಿ ನಡೆಸಬಾರದು ಅಂತ ಯುಜಿಸಿ ನಮ್ಮ ಯೂನಿವರ್ಸಿಟಿಗಳಿಗೆ ಹೇಳಿದೆ. ಕೈಯಿಂದ ಕಲಿಯಬೇಕಾದ್ದನ್ನು ಪರದೆಯಲ್ಲಿ ಕಲಿಸಬೇಡಿ ಅನ್ನುವ ಆತಂಕ ನನಗೆ ಅರ್ಥವಾಗುತ್ತೆ, ಅದರಲ್ಲಿ ಅರ್ಧ ನನ್ನದೂ ಹೌದು. ಆದರೆ ಪೂರ್ತಿ ಬಾಗಿಲು ಹಾಕಿದರೆ ಹನೂರಿನಂಥ ದೂರದ ಊರಿನ ಹುಡುಗಿ ಎಲ್ಲಿಗೆ ಹೋಗಬೇಕು? ಪಾಠ ಪರದೆಯಲ್ಲಿ ಬರಲಿ, ಅಭ್ಯಾಸ ಹತ್ತಿರದ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಎದುರಾಎದುರು ನಡೆಯಲಿ. ನಮ್ಮ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಇಂಥ ಕಡೆಗಳಲ್ಲಿ ಕನ್ನಡದಲ್ಲೇ ಮೇಲ್ವಿಚಾರಣೆ ಮಾಡುವವರನ್ನು ತಯಾರು ಮಾಡಬೇಕು ಅಂತ ನಾನು ಹೋದಲ್ಲೆಲ್ಲ ಕೇಳುತ್ತಿದ್ದೇನೆ. ಇಲ್ಲೂ ಕೇಳುತ್ತೇನೆ.

ತಂದೆತಾಯಂದಿರ ಒಂದು ಭಯಕ್ಕೆ ಉತ್ತರ ಕೊಡಲೇಬೇಕು. ಎಬಿಎಯಿಂದ ಮಕ್ಕಳಿಗೆ ನೋವಾಗಿದೆ ಅಂತ ಆಟಿಸಂ ಇರುವ ದೊಡ್ಡವರೇ ಬರೆದದ್ದನ್ನು ಓದಿದ್ದೀರಿ. ನಿಜ, ಆಗಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲೋವಾಸ್ ಅವರ 1987ರ ಅಧ್ಯಯನವನ್ನು ಎಲ್ಲರೂ ಹೊಗಳಿ ಹೇಳುತ್ತಾರೆ, 19 ಮಕ್ಕಳಲ್ಲಿ 9 ಮಂದಿ ಎಲ್ಲರಂತೆ ಒಂದನೇ ಕ್ಲಾಸು ಮುಗಿಸಿದರು ಅಂತ. ಅಲ್ಲಿ ಮಕ್ಕಳ ತೊಡೆಗೆ ಹೊಡೆದದ್ದೂ ಚಿಕಿತ್ಸೆಯ ಭಾಗವಾಗಿತ್ತು. ನಡವಳಿಕೆ ತಿದ್ದಲು ಕರೆಂಟ್ ಶಾಕ್ ಕೊಡುವುದನ್ನು ವಿರೋಧಿಸಿ ಎಬಿಎಐ, ಅಂದರೆ ಈ ವಿದ್ಯೆಯ ಅಂತರರಾಷ್ಟ್ರೀಯ ಸಂಘ, ನಿಲುವು ತೆಗೆದುಕೊಂಡದ್ದು 2022ರಲ್ಲಿ. ತುಂಬಾ ತಡ. ವಿದ್ಯಾರ್ಥಿಗಳೇ, ನಿಮ್ಮ ಕೋರ್ಸಿನಲ್ಲಿ ಈ ಪಾಠ ಇದೆಯಾ ಅಂತ ನೋಡಿಕೊಳ್ಳಿ. ಮಗು ಬೇಡ ಅಂದರೆ ನಿಲ್ಲಿಸುವುದನ್ನು ಕಲಿಸದ ಕೋರ್ಸಿಗೆ ದುಡ್ಡು ಕಟ್ಟಬೇಡಿ.

ಐದು ನಿಮಿಷ ಉಳಿದಿದೆ ಅಂತಿದ್ದಾರೆ. ಫೀಸು, ಸಾಲ, ಕೆಲಸ, ಸಂಬಳ, ಎಲ್ಲಕ್ಕೂ ಟಿಪ್ಪಣಿ ಮಾಡಿಕೊಂಡು ಬಂದಿದ್ದೆ, ಅದು ಹಾಗೇ ಇರಲಿ. ಆ ಹುಡುಗಿ ಇನ್ನೂ ಫೀಸು ಕಟ್ಟಿಲ್ಲ. ಯೂನಿವರ್ಸಿಟಿಗೆ ಒಂದು ಮೇಲ್ ಬರೆದಿದ್ದಾಳೆ. ನಾನು ಭಾರತದಲ್ಲೇ ಇರುತ್ತೇನೆ, ನನಗೆ ಯಾವ ಸರ್ಟಿಫಿಕೇಟ್ ಸಿಗುತ್ತೆ? ನನ್ನ ಊರಿನಲ್ಲಿ ಬಂದು ನನ್ನ ಕೆಲಸ ನೋಡುವವರು ಯಾರು? ಅವರಿಗೆ ಕನ್ನಡ ಬರುತ್ತಾ? ಉತ್ತರಕ್ಕೆ ಕಾಯುತ್ತಿದ್ದಾಳೆ. ನೀವೂ ಇದೇ ಮೇಲ್ ಕಳಿಸಿ, ಬಂದ ಉತ್ತರ ನನಗೂ ತೋರಿಸಿ.

ಮೂರನೇ ಸಾಲಿನಲ್ಲಿರುವ ತಾಯಿ, ಶುರುವಾಗುವ ಮೊದಲು ಕಾರಿಡಾರಿನಲ್ಲಿ ನನಗೆ ಸಿಕ್ಕಿದ್ದರು. ಮಗ ಶಾಲೆಯ ಬೆಲ್ ಹೊಡೆದರೆ ಕಿವಿ ಮುಚ್ಚಿಕೊಂಡು ಓಡ್ತಾನಂತೆ. ಯಾವ ದಿನ ಓಡಿದ, ಯಾವ ದಿನ ಓಡಲಿಲ್ಲ, ಎಲ್ಲ ಬರೆದಿಟ್ಟಿದ್ದಾರೆ. ನೋಟ್‌ಬುಕ್ ಕೈಯಲ್ಲೇ ಇದೆ. ಉಳಿದ ಐದು ನಿಮಿಷ ಅವರದ್ದು. ಆ ಮೈಕ್ ಸ್ವಲ್ಪ ಅವರಿಗೆ ಕೊಡಿ.