ಮೊದಲು ಕಪ್ಪಲ್ಲಿ ನಿಲ್ಲಲಿ, ಗ್ರೇಡಿಯಂಟ್ ಆಮೇಲೆ

ಎಲ್ಲರಿಗೂ ನಮಸ್ಕಾರ. ಕೂತವರಲ್ಲಿ ಕಾಲೇಜಿನವರೂ ಇದ್ದೀರಿ, ಫ್ಲೆಕ್ಸ್ ಅಂಗಡಿಯಲ್ಲಿ ದಿನವಿಡೀ ಕೋರಲ್‌ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರ್ ಮುಂದೆ ಇರುವವರೂ ಇದ್ದೀರಿ. ಹಾಗಾಗಿ ಸೀದಾ ಕೆಲಸದ ಮಾತಿಗೇ ಬರುತ್ತೇನೆ: ಲೋಗೋದಲ್ಲಿ ಗ್ರೇಡಿಯಂಟ್, ಅಂದರೆ ಒಂದು ಬಣ್ಣ ಮೆಲ್ಲಗೆ ಇನ್ನೊಂದಕ್ಕೆ ತಿರುಗುವುದು, ಮತ್ತು ಔಟ್‌ಲೈನ್, ಅಂದರೆ ಆಕಾರದ ಅಂಚಿಗೆ ಎಳೆಯುವ ಗೆರೆ.

ನಮ್ಮ ಬಳ್ಳಾರಿಯಲ್ಲಿ ಲೋಗೋ ಎಲ್ಲೆಲ್ಲಿ ಹೋಗಿ ಕೂರುತ್ತದೆ ನೋಡಿ. ಜೀನ್ಸ್ ಪ್ಯಾಂಟಿನ ಹಿಂದಿನ ಪ್ಯಾಚ್, ಲೋಹದ ಬಟನ್, ಒಳಗಿನ ಲೇಬಲ್. ಅತ್ತ ಸಿರುಗುಪ್ಪ, ಗಂಗಾವತಿ ಕಡೆ ಹೋದರೆ ಅಕ್ಕಿ ಚೀಲ. ಇವುಗಳಲ್ಲಿ ಗ್ರೇಡಿಯಂಟ್ ಸಲೀಸಾಗಿ ಬರುವುದಿಲ್ಲ. ಬಟನ್ ಮೇಲೆ ಇರುವುದೇ ಉಬ್ಬು ತಗ್ಗು. ಚೀಲಕ್ಕೆ ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚಿನ ಪ್ಲೇಟ್ ಬೇಕು. ಕೆಂಪು ಮೆಲ್ಲಗೆ ತಿಳಿಯಾಗುತ್ತಾ ಹೋಗಬೇಕು ಅಂದ್ರೆ ಅದನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆಯಬೇಕು, ಆ ಚುಕ್ಕಿಗಳು ನೇಯ್ದ ಪ್ಲಾಸ್ಟಿಕ್ಕಿನ ಒರಟು ಮೈಮೇಲೆ ಕಲಸಿಹೋಗುತ್ತವೆ. ಅದಕ್ಕೇ ಹೇಳೋದು, ಲೋಗೋ ಮೊದಲು ಬರೀ ಕಪ್ಪಿನಲ್ಲಿ ನಿಲ್ಲಬೇಕು.

ಹಾಗಂತ ಗ್ರೇಡಿಯಂಟ್ ಬೇಡವೇ ಬೇಡ ಅಂತಲ್ಲ. 2016ರಲ್ಲಿ ಇನ್‌ಸ್ಟಾಗ್ರಾಂ ಹಳದಿ, ಗುಲಾಬಿ, ನೇರಳೆ ಸೇರಿದ ಗ್ರೇಡಿಯಂಟಿಗೆ ಬಂತು. ಆದರೆ ಅದರ ಆಕಾರ ನೋಡಿ. ದುಂಡು ಮೂಲೆಯ ಚೌಕ, ಒಳಗೊಂದು ವೃತ್ತ, ಒಂದು ಚುಕ್ಕಿ. ಬಣ್ಣ ಪೂರ್ತಿ ತೆಗೆದರೂ ಗುರುತು ಸಿಗುತ್ತದೆ, ಅಲ್ವಾ?

ಬಣ್ಣ ಆರಿಸುವಾಗ ಒಂದು ಎಚ್ಚರ. ಆರ್‌ಜಿಬಿಯಲ್ಲಿ, ಅಂದರೆ ಸ್ಕ್ರೀನಿನ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದಲ್ಲಿ, ಅಪ್ಪಟ ಹಳದಿಯಿಂದ ಅಪ್ಪಟ ನೀಲಿಗೆ ಗ್ರೇಡಿಯಂಟ್ ಎಳೆದರೆ ನಡುವೆ ಬರುವುದು ಬೂದಿ ಬಣ್ಣ. ಹಸಿರು ಬರುತ್ತೆ ಅಂದುಕೊಂಡಿದ್ದರೆ ಅದು ಪೇಂಟ್ ಡಬ್ಬಿಯ ಲೆಕ್ಕ, ಸ್ಕ್ರೀನಿನದ್ದಲ್ಲ. ನಡುವೆ ನೀವೇ ಇನ್ನೊಂದು ಬಣ್ಣ ಕೂಡಿಸಿ. ಎರಡು ಬಣ್ಣ ತೀರಾ ಹತ್ತಿರ ಇದ್ದರೂ ತೊಂದರೆ. ನಡುವೆ ಇಪ್ಪತ್ತೇ ಹಂತ ಇದ್ದು ಬ್ಯಾನರ್ ಹತ್ತು ಅಡಿ ಇದ್ದರೆ ಒಂದೊಂದು ಹಂತ ಅರ್ಧ ಅಡಿ ಪಟ್ಟೆಯಾಗಿ ಕಾಣುತ್ತದೆ.

ಈಗ ಔಟ್‌ಲೈನ್. ನನ್ನ ಪ್ರಕಾರ ಗ್ರೇಡಿಯಂಟಿಗಿಂತ ಇದೇ ಜಾಸ್ತಿ ಲೋಗೋ ಕೆಡಿಸುವುದು. "ಅಣ್ಣ, ಇನ್ನೊಂದು ಬಿಳಿ ಔಟ್‌ಲೈನ್ ಹಾಕ್ರಿ, ಎದ್ದು ಕಾಣ್ಲಿ" ಅಂತ ಗಿರಾಕಿ ಕೇಳುತ್ತಾನೆ, ನಾವು ಹಾಕುತ್ತೇವೆ. ಹಿನ್ನೆಲೆಗೂ ಅಕ್ಷರಕ್ಕೂ ಬಣ್ಣ ಹೊಂದದೇ ಇದ್ದದ್ದಕ್ಕೆ ಅದು ತೇಪೆ ಅಷ್ಟೇ.

ಔಟ್‌ಲೈನ್ ಆಕಾರದ ಅಂಚಿನ ಮೇಲೆ ನಡುವಿಗೆ ಕೂರುತ್ತದೆ. 4 ಮಿಲಿಮೀಟರ್ ಕೊಟ್ಟರೆ 2 ಹೊರಗೆ, 2 ಒಳಗೆ. ಅಂದರೆ ಅಕ್ಷರವನ್ನೇ ತಿನ್ನುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ತಡೆದುಕೊಳ್ಳಬಹುದು, ಕನ್ನಡದಲ್ಲಿ ಸಣ್ಣ ಹೊಟ್ಟೆಗಳು (ಅಕ್ಷರದೊಳಗಿನ ಖಾಲಿ ಜಾಗ), ಒತ್ತುಗಳು, ಮಹಾಪ್ರಾಣದ ಸೀಳು ಎಲ್ಲಾ ಇವೆ. ಸೀಳು ಔಟ್‌ಲೈನಿನಲ್ಲಿ ಮುಳುಗಿದರೆ ದೂರದಿಂದ ಓದುವವನಿಗೆ 'ಧನ' ಹೋಗಿ 'ದನ' ಆಗುತ್ತದೆ. ಬಂಗಾರದ ಅಂಗಡಿ ಬೋರ್ಡಿನಲ್ಲಿ ಹೀಗಾದರೆ ಏನು ಗತಿ!

ಕೋರಲ್‌ನಲ್ಲಿ ಎಫ್12 ಒತ್ತಿ 'ಬಿಹೈಂಡ್ ಫಿಲ್' ಟಿಕ್ ಮಾಡಿ. ಗೆರೆ ಅಕ್ಷರದ ಹಿಂದೆ ಹೋಗುತ್ತದೆ, ಹೊರಗಿನ ಅರ್ಧ ಮಾತ್ರ ಕಾಣುತ್ತದೆ, ಹಾಗಾಗಿ ದಪ್ಪ ಎರಡರಷ್ಟು ಕೊಡಬೇಕು. ಆದರೂ ಬ, ಠ ಇಂಥವುಗಳ ಹೊಟ್ಟೆ ಕಿರಿದಾಗುತ್ತದೆ; ನೋಡ್, ಅಂದರೆ ಅಂಚಿನ ಮೇಲಿನ ಬಿಂದುಗಳನ್ನು, ಎಳೆದು ಸ್ವಲ್ಪ ಬಿಡಿಸಿಡಿ. ಚೂಪು ಮೂಲೆಯಲ್ಲಿ ಗೆರೆ ಮುಳ್ಳಿನ ಹಾಗೆ ಹೊರಗೆ ಚಾಚಿಕೊಂಡರೆ ಮೂಲೆಯನ್ನು ದುಂಡಗೆ ಮಾಡಿ, ಸರಿಹೋಗುತ್ತದೆ.

ಫೈಲ್ ಕೈಬಿಡುವ ಮುಂಚೆ ಔಟ್‌ಲೈನನ್ನು ಆಕಾರವಾಗಿ ಬದಲಿಸಿ. ಕೋರಲ್‌ನಲ್ಲಿ ಕಂಟ್ರೋಲ್ ಶಿಫ್ಟ್ ಕ್ಯೂ, ಇಂಕ್‌ಸ್ಕೇಪ್ ಅನ್ನೋ ಇನ್ನೊಂದು ಡಿಸೈನ್ ಸಾಫ್ಟ್‌ವೇರಿನಲ್ಲಿ 'ಸ್ಟ್ರೋಕ್ ಟು ಪಾತ್'. ಇಲ್ಲದಿದ್ದರೆ ವಿಸಿಟಿಂಗ್ ಕಾರ್ಡಿನ ಲೋಗೋವನ್ನು ಬೋರ್ಡಿಗೆ ಹಿಗ್ಗಿಸಿದಾಗ, ಗೆರೆಯೂ ಜೊತೆಗೆ ಹಿಗ್ಗುವ ಸೆಟ್ಟಿಂಗ್ ನೋಡದೇ ಇದ್ದರೆ, ಲೋಗೋ ದೊಡ್ಡದಾಗಿ ಗೆರೆ ಮಾತ್ರ ಕೂದಲಿನಷ್ಟೇ ಉಳಿಯುತ್ತದೆ. ಸ್ಟಿಕ್ಕರ್ ಕತ್ತರಿಸುವ ಪ್ಲಾಟರ್ ಅಂತೂ ಗೆರೆಯ ದಪ್ಪ ನೋಡುವುದೇ ಇಲ್ಲ, ನಟ್ಟನಡುವೆ ಬ್ಲೇಡ್ ಓಡಿಸುತ್ತದೆ. ಬದಲಿಸುವ ಮುಂಚೆ ಮೂಲ ಫೈಲಿನ ಒಂದು ಕಾಪಿ ಇಟ್ಟುಕೊಳ್ಳಿ, ಆಮೇಲೆ ದಪ್ಪ ಹೆಚ್ಚು ಕಮ್ಮಿ ಮಾಡುವುದು ಕಷ್ಟ.

ಗಿರಾಕಿಗೆ ಮೂರು ಫೈಲ್ ಕೊಡಿ: ಬರೀ ಕಪ್ಪು, ಗ್ರೇಡಿಯಂಟ್ ಇಲ್ಲದ ಎರಡು ಬಣ್ಣದ್ದು, ಫ್ಲೆಕ್ಸಿಗೂ ಫೋನಿಗೂ ಗ್ರೇಡಿಯಂಟಿನದ್ದು. ಅವರು ಸ್ಟೇಟಸ್‌ಗೆ ಹಾಕಿಕೊಳ್ಳುವುದು ಮೂರನೆಯದನ್ನೇ, ಬೇಡ ಅನ್ನಬೇಡಿ. ಚೀಲ ಪ್ರಿಂಟ್ ಮಾಡುವವರಿಗೆ ಮಾತ್ರ ಮೊದಲಿನ ಎರಡನ್ನು ನೀವೇ ಕಳಿಸಿ. ಸರಿ, ಈಗ ನಿಮ್ಮ ಫೈಲ್ ತೆಗೆಯಿರಿ, ನೋಡೋಣ.