ಓದಿಗೂ ಆಯಸ್ಸಿಗೂ ಏನು ನಂಟು?

ಕೇಳುಗರೇ, ನಮಸ್ಕಾರ.

ಹೆಚ್ಚು ಓದಿದವರು ಹೆಚ್ಚು ಕಾಲ ಬದುಕುತ್ತಾರೆ. ಹೀಗಂದ ಕೂಡಲೇ, "ಅವರ ಹತ್ತಿರ ದುಡ್ಡಿರುತ್ತೆ, ಅದಕ್ಕೇ" ಅನ್ನಿಸುತ್ತದೆ ಅಲ್ವಾ? ದುಡ್ಡಿನ ಪಾಲು ಇದೆ, ನಿಜ. ಆದರೆ ವಿಷಯ ಅಲ್ಲಿಗೇ ಮುಗಿಯುವುದಿಲ್ಲ.

59 ದೇಶಗಳ ಮಾಹಿತಿ ಕೂಡಿಸಿ ನೋಡಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಓದಿದ ಒಂದೊಂದು ವರ್ಷಕ್ಕೂ ಸಾವಿನ ಅಪಾಯ ಸುಮಾರು ಶೇಕಡಾ 2ರಷ್ಟು ಇಳಿಯುತ್ತದೆ ಎಂದು ಅದು ಹೇಳಿತು. ಶಾಲೆಯ ಮುಖವನ್ನೇ ನೋಡದವರಿಗಿಂತ 18 ವರ್ಷ ಓದಿದವರಲ್ಲಿ ಈ ಅಪಾಯ ಶೇಕಡಾ 34ರಷ್ಟು ಕಡಿಮೆ. ಬಡ ದೇಶವಾಗಲಿ, ಶ್ರೀಮಂತ ದೇಶವಾಗಲಿ, ಹೆಚ್ಚುಕಡಿಮೆ ಇಷ್ಟೇ.

ಹಾಗಾದರೆ ಓದು ಮಾಡುವುದೇನು? ಸಿಗರೇಟಿನ ವಿಷಯ ತಗೊಳ್ಳಿ. 1950ರ ಹೊತ್ತಿಗೆ ಅಮೆರಿಕದಲ್ಲಿ ಓದಿದವರೂ ಓದದವರೂ ಹೆಚ್ಚುಕಡಿಮೆ ಒಂದೇ ಸಮ ಸೇದುತ್ತಿದ್ದರು. ವೈದ್ಯರೇ ಸೇದುತ್ತಿದ್ದರು, ಇನ್ನೇನು ಹೇಳೋದು! ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು 1964ರಲ್ಲಿ ಅಲ್ಲಿನ ಸರ್ಕಾರಿ ವರದಿ ಸಾರಿತು. ಆಮೇಲೆ ಸಿಗರೇಟು ಬಿಟ್ಟವರಲ್ಲಿ ಓದಿದವರೇ ಮುಂದು. ಸುದ್ದಿಯೇನೋ ಎಲ್ಲರಿಗೂ ಮುಟ್ಟಿತ್ತು. ಆದರೆ ಅದನ್ನು ನಂಬಿ, ಚಟ ಬಿಡುವಷ್ಟು ನೆಮ್ಮದಿ ಎಲ್ಲರಿಗೂ ಇರಲಿಲ್ಲ. ದಿನವಿಡೀ ಮೈಮುರಿದು ದುಡಿಯುವವನಿಗೆ ಸೇದುವ ಆ ಐದು ನಿಮಿಷವೇ ಬಿಡುವು. ಅಂಥವನಿಗೆ ಸುಮ್ನೆ ಬುದ್ಧಿ ಹೇಳಿದರೆ ಆಗುತ್ತದೆಯೇ?

ಓದಿನ ಲಾಭ ಓದಿದವರಿಗೇ ಸಿಗಬೇಕು ಅಂತಲೂ ಇಲ್ಲ. 1970ರಿಂದ 2009ರವರೆಗೆ ಜಗತ್ತಿನಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ತುಂಬಾ ಇಳಿಯಿತು. ಹಾಗೆ ಉಳಿದ ಜೀವಗಳಲ್ಲಿ ಅರ್ಧದಷ್ಟಕ್ಕೆ ಹೆಣ್ಣುಮಕ್ಕಳ ಓದೇ ಕಾರಣ ಎಂಬ ಅಂದಾಜಿದೆ. ಭೇದಿಯಾದ ಮಗುವಿಗೆ ನೀರು ನಿಲ್ಲಿಸಬಾರದು ಎಂಬ ತಿಳಿವಳಿಕೆ ಒಂದು. ಮನೆಯಲ್ಲಿ ಹಿರಿಯರು ಬೇಡವೆಂದರೂ ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗುವ ಧೈರ್ಯ ಇನ್ನೊಂದು. ನನ್ನ ಕೇಳಿದರೆ ಎರಡನೆಯದೇ ದೊಡ್ಡದು.

ಈಗ ಮತ್ತೆ ಅಮೆರಿಕಕ್ಕೆ ಬರೋಣ. 25 ವರ್ಷದವರು ಇನ್ನೆಷ್ಟು ಕಾಲ ಬದುಕಬಹುದು ಎಂದು ಆ್ಯನ್ ಕೇಸ್ ಮತ್ತು ಆ್ಯಂಗಸ್ ಡೀಟನ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಪದವೀಧರರಿಗೂ ಉಳಿದವರಿಗೂ ನಡುವೆ 1992ರಲ್ಲಿ ಇದ್ದ ಅಂತರ ಸುಮಾರು ಎರಡೂವರೆ ವರ್ಷ. 2019ಕ್ಕೆ ಅದು ಆರು ವರ್ಷ ದಾಟಿತು. ಕೋವಿಡ್ ಬಂದ ಮೇಲೆ, 2021ರಲ್ಲಿ, ಎಂಟೂವರೆ ಆಯಿತು. ಈ ಮೂವತ್ತು ವರ್ಷದಲ್ಲಿ ಕಾಲೇಜಿನ ಪಾಠ ಮೂರು ಪಟ್ಟು ಚೆನ್ನಾಗಿಬಿಟ್ಟಿತೇ? ಖಂಡಿತ ಇಲ್ಲ. ಡಿಗ್ರಿ ಇಲ್ಲದವರ ಕೈಯಿಂದ ಒಳ್ಳೆಯ ಕೆಲಸಗಳು ಜಾರಿದವು. ಕೆಲಸದ ಜೊತೆಗೇ ಬರುತ್ತಿದ್ದ ಆರೋಗ್ಯ ವಿಮೆಯೂ ಹೋಯಿತು. ನೋವಿನ ಮಾತ್ರೆಯ ಚಟ, ಕುಡಿತ, ಆತ್ಮಹತ್ಯೆ ಇವುಗಳಿಗೆ ಜಾಸ್ತಿ ಬಲಿಯಾದವರೂ ಅವರೇ.

ನಮಸ್ಕಾರ.